ಇಪ್ಪತ್ತಮೂರನೆಯ ನಿಲ್ದಾಣದ ಥ್ಯಾಂಕ್ಸ್

ಫೆಬ್ರವರಿ ಹನ್ನೊಂದನೆಯ ತಾರೀಖು, ಮಂಗಳವಾರ, ಸಂಗತಿಗಳು ನಡೆದದ್ದು ಈ ಕ್ರಮದಲ್ಲಿ. ಬೆಳಿಗ್ಗೆ ಆರು ನಲವತ್ತಕ್ಕೆ ಬ್ರಾಂಬಲ್‌ಟನ್ ಊರಿನ ಮೇಲೆ ಹಿಮ ಬೀಳತೊಡಗಿತು. ಏಳಕ್ಕೆ ಎಲ್ವಿನ್ ಪ್ರಾಟ್ ತೀರಿಕೊಂಡ ಭಾವನ ಕೋಟನ್ನು ತೊಟ್ಟ. ಎಂಟು ಹತ್ತಕ್ಕೆ, ಊರಿನಿಂದ ಆರು ಮೈಲಿ ಉತ್ತರದಲ್ಲಿ, ಒಂದು ಬಿಳಿಯ ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು. ಒಂಬತ್ತಕ್ಕೆ ಪುರಭವನದಲ್ಲಿ ಸಾರಿಗೆ ಸಮಿತಿಯ ಸಭೆ ಆರಂಭವಾಯಿತು. ಒಂಬತ್ತು ಗಂಟೆ ಮೂರು ನಿಮಿಷಕ್ಕೆ ಎಲ್ವಿನ್ ತನ್ನದಲ್ಲದ ಕುರ್ಚಿಯಲ್ಲಿ ಕುಳಿತ. ಈ ಐದರಲ್ಲಿ ಯಾವುದೊಂದು ತಪ್ಪಿದ್ದರೂ ಮುಂದಿನ ಅನಾಹುತ ಸಂಭವಿಸುತ್ತಿರಲಿಲ್ಲ. ಅದರಿಂದಾದ ಉಪಕಾರವೂ ಸಂಭವಿಸುತ್ತಿರಲಿಲ್ಲ.

ಎಲ್ವಿನ್‌ಗೆ ಅರವತ್ತಾರು ವರ್ಷ. ಇಪ್ಪತ್ತೆರಡು ವರ್ಷ ಊರಿನ ನಾಲ್ಕನೇ ನಂಬರ್ ಬಸ್ಸನ್ನು ಓಡಿಸಿ, ಹಿಂದಿನ ಅಕ್ಟೋಬರಿನಲ್ಲಿ ನಿವೃತ್ತನಾಗಿದ್ದ. ಹಾಲು ತರಲೆಂದು ಹೋಗಿ ಹಿಮ ಎತ್ತುವ ಸಲಿಕೆ ತಂದವನು ಅವನು. ಒಮ್ಮೆ ಯಾರದೋ ಉತ್ತರಕ್ರಿಯೆಗೆ ತಪ್ಪಿ ಹೋಗಿ, ಮೃತರ ಬಗ್ಗೆ ಎರಡು ಮಾತಾಡಿ ಎಲ್ಲರನ್ನೂ ಅಳಿಸಿ ಬಂದಿದ್ದ. ಆ ಮನೆಯವರು ಇಂದಿಗೂ ಅವನಿಗೆ ಕ್ರಿಸ್‌ಮಸ್ ಕಾರ್ಡು ಕಳಿಸುತ್ತಾರೆ.

ಒಂದೇ ಒಂದು ವಿಷಯದಲ್ಲಿ ಅವನ ಲೆಕ್ಕ ತಪ್ಪುತ್ತಿರಲಿಲ್ಲ, ಮತ್ತು ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಅವನು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಚರ್ಚಿನ ಪಿಯಾನೋ ವಾದಕರೊಬ್ಬರನ್ನು ನೋಡದೆ, ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ, ಬೀಗ ಹಾಕಿ ಮನೆಗೆ ಹೋಗಿದ್ದ. ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಆ ಮಹನೀಯರು ಮೈಮುರಿದುಕೊಂಡು ಕೆಳಗಿಳಿದು, ಅಭ್ಯಾಸಬಲದಿಂದ, "ಥ್ಯಾಂಕ್ಸ್" ಎಂದರು. ಬ್ರಾಂಬಲ್‌ಟನ್‌ನಲ್ಲಿ ಚಾಲಕನಿಗೆ ಥ್ಯಾಂಕ್ಸ್ ಹೇಳದೆ ಯಾರೂ ಬಸ್ಸು ಇಳಿಯುವುದಿಲ್ಲ. ಬೈದುಕೊಂಡು ಹತ್ತಿದವರೂ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಅಂದಿನಿಂದ ಎಲ್ವಿನ್ ಒಂದು ನಿಯಮ ಮಾಡಿಕೊಂಡ. ಯಾವ ನಿಲ್ದಾಣದಲ್ಲಿ ಎಷ್ಟು ಥ್ಯಾಂಕ್ಸ್ ಕೇಳಿಸಿತೋ ಅಷ್ಟು ಗೀರು ಪುಸ್ತಕದಲ್ಲಿ. ಹತ್ತಿದ ತಲೆಗಳೂ ಕೇಳಿಸಿದ ಥ್ಯಾಂಕ್ಸುಗಳೂ ಸಮವಾದರೆ ಬಸ್ಸು ಖಾಲಿ. ಇಪ್ಪತ್ತೆರಡು ವರ್ಷಕ್ಕೆ ನಲವತ್ತನಾಲ್ಕು ಪುಸ್ತಕಗಳಾದವು. ಅವು ಎರಡು ಬೂಟಿನ ಪೆಟ್ಟಿಗೆಗಳಲ್ಲಿ ತುಂಬಿ ಅವನ ಮಂಚದ ಕೆಳಗಿದ್ದವು.

ಜನವರಿಯಲ್ಲಿ ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಬಂತು: ತಜ್ಞರ ವರದಿಯ ಪ್ರಕಾರ ನಾಲ್ಕನೇ ನಂಬರ್ ಬಸ್ಸಿನ ಕೊನೆಯ ನಿಲ್ದಾಣವನ್ನು, ಅಂದರೆ ಇಪ್ಪತ್ತಮೂರನೆಯದನ್ನು, ರದ್ದುಮಾಡಲು ಸಮಿತಿ ಉದ್ದೇಶಿಸಿದೆ. ಆ ನಿಲ್ದಾಣದ ಎದುರಿಗೇ ಎಲ್ವಿನ್ ಮತ್ತು ಅವನ ಅಕ್ಕ ವಿಲ್ಮಾ ವಾಸವಾಗಿದ್ದರು. ವಿಲ್ಮಾಗೆ ಎಪ್ಪತ್ತೊಂದು, ಮಂಗಳವಾರ, ಗುರುವಾರ, ಶನಿವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಸ್ಸು ನಿಂತರೆ ಅವಳನ್ನು ಎಲ್ವಿನ್ ಕಾರಿನಲ್ಲಿ ಕರೆದೊಯ್ಯಬೇಕು. ಇದು ಆಗಲೇ ಒಮ್ಮೆ ಪ್ರಯೋಗವಾಗಿತ್ತು. ಬಸ್ಸಿನ ಚಕ್ರಗಳಿಗೆ ದಾರಿ ಗೊತ್ತಿತ್ತು, ಎಲ್ವಿನ್‌ನ ಕಾರಿಗೆ ಗೊತ್ತಿರಲಿಲ್ಲ. ಇಬ್ಬರೂ ಎರಡೂವರೆ ಗಂಟೆ ಸುತ್ತಿ ಪಕ್ಕದ ಜಿಲ್ಲೆಯ ಒಂದು ಚೀಸ್ ಕಾರ್ಖಾನೆಯ ಮುಂದೆ ನಿಂತಿದ್ದರು.

"ಚೀಸು ಚೆನ್ನಾಗಿತ್ತಲ್ಲಕ್ಕ," ಎಂದು ಎಲ್ವಿನ್ ಸಮಾಧಾನ ಹೇಳಿದ್ದ.

"ನನ್ನ ರಕ್ತ ತೊಳೆಯೋಕೆ ಅವರ ಹತ್ರ ಮಿಷನ್ ಇರ್ಲಿಲ್ಲ ಕಣೋ," ಎಂದಿದ್ದಳು ವಿಲ್ಮಾ.

ಹಾಗಾಗಿ ಸಾರ್ವಜನಿಕರ ಅಹವಾಲಿಗೆ ಎಲ್ವಿನ್ ಹೋಗಲೇಬೇಕಾಯಿತು. ಸಾರ್ವಜನಿಕರಿಗೆ ತಲಾ ಎರಡು ನಿಮಿಷ. ಮುಗಿದೊಡನೆ ಕೆಂಪು ದೀಪ. ಮಾತನ್ನು ವಿಲ್ಮಾ ಬರೆದುಕೊಟ್ಟಳು, ಮೊಟ್ಟೆ ಬೇಯಿಸುವ ಗಡಿಯಾರವನ್ನಿಟ್ಟುಕೊಂಡು ಅಭ್ಯಾಸ ಮಾಡಿಸಿದಳು. ಬೆಳಿಗ್ಗೆ, ಭೌತಶಾಸ್ತ್ರದ ಮೇಷ್ಟ್ರಾಗಿದ್ದ ತನ್ನ ಗಂಡನ ಉಣ್ಣೆಯ ಕೋಟನ್ನು, ಮೊಣಕೈಗೆ ಚರ್ಮದ ತೇಪೆ ಇದ್ದದ್ದನ್ನು, ಪೆಟ್ಟಿಗೆಯಿಂದ ತೆಗೆದು ತೊಡಿಸಿದಳು. ಜೇಬಿನಲ್ಲಿ ಒಂದು ಕನ್ನಡಕ, ಅರ್ಧ ಸೀಮೆಸುಣ್ಣ ಸಿಕ್ಕಿದವು. ಕನ್ನಡಕವನ್ನೂ ಮೂಗಿಗೇರಿಸಿದಳು.

"ಅಕ್ಕ, ಇದ್ರಲ್ಲಿ ಏನೂ ಕಾಣಲ್ಲ."

"ನಿಂಗೆ ಕಾಣೋದು ಬೇಡ ಕಣೋ. ನೀನು ಅವರಿಗೆ ಕಾಣಬೇಕು."

ವಿಲ್ಮಾ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದಳು. ಎಲ್ವಿನ್ ಎರಡು ಬೂಟಿನ ಪೆಟ್ಟಿಗೆಗಳನ್ನು ಅವಚಿಕೊಂಡು, ಮಸುಕು ಮಸುಕಾಗಿ ಕಾಣುತ್ತಿದ್ದ ಪುರಭವನವನ್ನು ಪ್ರವೇಶಿಸಿದ.

ಇಲ್ಲಿ ಬ್ರಾಂಬಲ್‌ಟನ್ ಮತ್ತು ತಜ್ಞರ ಸಂಬಂಧವನ್ನು ಸ್ವಲ್ಪ ವಿವರಿಸಬೇಕು. ಹಿಂದೆ ಊರಿನವರು ತಮ್ಮ ತಪ್ಪುಗಳನ್ನು ತಾವೇ ಮಾಡುತ್ತಿದ್ದರು. ನಂತರ ತಪ್ಪು ಯಾರದೆಂಬ ಜಗಳ ಹೆಚ್ಚಾಗಿ, ನೀತಿ ತಜ್ಞರನ್ನು ಕರೆಸುವ ಪದ್ಧತಿ ಬಂತು. ವಾಹನ ನಿಲುಗಡೆಗೊಂದು ವರದಿ, ಕೆರೆಯ ಬಾತುಕೋಳಿಗಳಿಗೊಂದು ವರದಿ. ವರದಿ ದಪ್ಪವಾಗಿದ್ದಷ್ಟೂ ಸಮಿತಿಗೆ ನೆಮ್ಮದಿ. ಅದನ್ನು ಓದಬೇಕೆಂಬ ಕಟ್ಟುಪಾಡು ಇರಲಿಲ್ಲ. ಓದಿಲ್ಲವೆಂದು ಒಪ್ಪಿಕೊಳ್ಳಬಾರದೆಂಬ ಕಟ್ಟುಪಾಡು ಮಾತ್ರ ಇತ್ತು. ಬಸ್ಸಿನ ವರದಿ ಇನ್ನೂರ ಹದಿನಾಲ್ಕು ಪುಟ. ಅದನ್ನು ಬರೆದದ್ದು ರಾಜಧಾನಿಯ ನೀತಿ ಅಧ್ಯಯನ ಕೇಂದ್ರವೊಂದರ ಡಾ. ಎಲ್. ಕ್ವಿಂಬಿ ಎಂಬುವರು. ಸಮಿತಿಯ ಐವರಲ್ಲಿ ಯಾರೂ ಅವರನ್ನು ನೋಡಿರಲಿಲ್ಲ. ಐವರಿಗೂ ಸೇರಿ ಒಟ್ಟು ಒಂಬತ್ತು ಕಾರುಗಳಿದ್ದುದರಿಂದ ನಾಲ್ಕನೇ ನಂಬರ್ ಬಸ್ಸಿನ ಚಾಲಕನನ್ನೂ ಯಾರೂ ನೋಡಿರಲಿಲ್ಲ.

ಬಾಗಿಲಲ್ಲಿ ಗುಮಾಸ್ತೆ ಐರಿಸ್ ಕೋಟನ್ನು ನೋಡಿದಳು, ಕನ್ನಡಕವನ್ನು ನೋಡಿದಳು, ಎರಡು ಪೆಟ್ಟಿಗೆ ದಾಖಲೆಯನ್ನು ನೋಡಿದಳು.

"ನಾಲ್ಕನೇ ನಂಬರ್ ಬಸ್ಸಿನ ವಿಷಯಕ್ಕೆ ಬಂದೋರು ನೀವೇ ತಾನೇ?"

"ನಾನೇ ತಾಯಿ."

"ಅಬ್ಬ! ಈ ಹಿಮದಲ್ಲಿ ಬರ್ತೀರೋ ಇಲ್ವೋ ಅಂತ ಎಲ್ರೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದಾರೆ. ಬನ್ನಿ, ಬನ್ನಿ. ಕಾಫಿ ತಗೋತೀರಾ?"

ಸಮಿತಿಯ ಎದುರಿಗಿದ್ದ ಮೇಜಿನ ಹಿಂದೆ ಅವನನ್ನು ಕೂರಿಸಿದರು. ಮೇಜಿನ ಮೇಲೆ ಮಡಿಸಿ ನಿಲ್ಲಿಸಿದ ಒಂದು ಹೆಸರಿನ ಕಾರ್ಡಿತ್ತು. ಹೆಸರು ಸಮಿತಿಯ ಕಡೆಗಿತ್ತು; ಎಲ್ವಿನ್‌ಗೆ ಕಂಡದ್ದು ಅದರ ಬಿಳಿಯ ಬೆನ್ನು. ಕಾಫಿ ಬಂತು. ಮೇಪಲ್ ಸಕ್ಕರೆ ಹಚ್ಚಿದ ಡೋನಟ್ ಬಂತು. ಸಾರ್ವಜನಿಕನೊಬ್ಬನಿಗೆ ಇಷ್ಟು ಮರ್ಯಾದೆಯೇ ಎಂದು ಎಲ್ವಿನ್‌ಗೆ ಆಶ್ಚರ್ಯವಾಯಿತು. ಇಂಥ ಆಡಳಿತದ ಮೇಲೆ ತಾನು ಸಿಟ್ಟು ಮಾಡಿಕೊಂಡೆನಲ್ಲ ಎಂದು ಪಶ್ಚಾತ್ತಾಪವೂ ಆಯಿತು.

ಅಧ್ಯಕ್ಷೆ ಡಾರ್ಲೀನ್ ಹಾಬ್ಸ್, ಊರಿನ ಕಬ್ಬಿಣದ ಸಾಮಾನಿನ ಅಂಗಡಿಯಾಕೆ, ಸುತ್ತಿಗೆ ಕುಟ್ಟಿದರು.

"ಸ್ವಾಗತ ಡಾಕ್ಟ್ರೇ."

"ಅಮ್ಮಾ, ನಾನು ಡಾಕ್ಟ್ರಲ್ಲ."

"ನೋಡಿ, ಎಂಥಾ ವಿನಯ!" ಎಂದು ಅಧ್ಯಕ್ಷೆ ಅಕ್ಕಪಕ್ಕ ನೋಡಿದರು. "ಇಲ್ಲಿ ಹಲ್ಲು ಕೀಳೋರೆಲ್ಲ ಡಾಕ್ಟರ್ ಅಂತ ಬೋರ್ಡ್ ಹಾಕ್ಕೋತಾರೆ."

ಸಮಿತಿಯ ದಂತವೈದ್ಯ ರಸ್ ಟಿಬೆಟ್ಸ್ ಈ ಮಾತನ್ನು ನುಂಗಿಕೊಂಡು, "ನಿಮ್ಮ ಅನುಭವದ ಬಗ್ಗೆ ಸ್ವಲ್ಪ ಹೇಳಿ ಸರ್," ಎಂದ.

"ಏನಿದೆ ಹೇಳೋಕೆ? ನಾಲ್ಕನೇ ನಂಬರ್ ಬಸ್ಸಲ್ಲಿ ಇಪ್ಪತ್ತೆರಡು ವರ್ಷ ಕೂತಿದೀನಿ ಅಷ್ಟೇ."

"ಇಪ್ಪತ್ತೆರಡು ವರ್ಷದ ಕ್ಷೇತ್ರಕಾರ್ಯ!" ರಸ್ ಬರೆದುಕೊಂಡ.

"ನೀವು ಕಳಿಸಿದ್ದನ್ನ ಓದಿ ನಾವೆಲ್ಲ ಬೆರಗಾಗಿಹೋದ್ವಿ," ಎಂದರು ಅಧ್ಯಕ್ಷೆ.

ಎಲ್ವಿನ್ ಜನವರಿಯಲ್ಲಿ ಒಂದು ಪುಟದ ಕಾಗದ ಬರೆದು ಹಾಕಿದ್ದ. "ಓದಿದ್ರಾ? ಅಯ್ಯೋ, ತುಂಬಾ ಉಪಕಾರ ಆಯ್ತಮ್ಮ. ಅದನ್ನ ಬರೆದಿದ್ದು ನಮ್ಮಕ್ಕ. ಸಹಿ ಮಾತ್ರ ನಂದು."

"ಸಹಲೇಖಕಿಗೂ ನಮ್ಮ ವಂದನೆ ತಿಳಿಸಿ," ಎಂದರು ಅಧ್ಯಕ್ಷೆ. ಕಿಟಕಿಯ ಪಕ್ಕದ ಸದಸ್ಯನೊಬ್ಬ, ಹೆಸರು ಯಾರಿಗೂ ನೆನಪಿರದಷ್ಟು ಮೌನಿ, ಗಂಭೀರವಾಗಿ ತಲೆದೂಗಿದ.

ಎಲ್ವಿನ್ ವಿಲ್ಮಾಳ ಚೀಟಿಯನ್ನು ಕನ್ನಡಕದ ಮೇಲಿನಿಂದ ಓದತೊಡಗಿದ. ಇಪ್ಪತ್ತಮೂರನೆಯ ನಿಲ್ದಾಣವನ್ನು ಮುಚ್ಚಬಾರದು. ಅಲ್ಲಿ ಹತ್ತಿಳಿಯುವವರಿಗೆ ಬೇರೆ ದಾರಿಯಿಲ್ಲ. ಎರಡು ನಿಮಿಷವಾಯಿತು. ಕೆಂಪು ದೀಪ ಹತ್ತಲಿಲ್ಲ, ತಜ್ಞರಿಗೆ ದೀಪವಿರುವುದಿಲ್ಲ. ಎಲ್ವಿನ್ ದೀಪಕ್ಕಾಗಿ ಕಾದ. ಸಮಿತಿ ಆ ಮೌನವನ್ನು ಪ್ರಭಾವ ಬೀರುವ ಕಲೆಯೆಂದು ಭಾವಿಸಿತು.

ಮುಚ್ಚಲು ಹೊರಟಿದ್ದ ನಿಲ್ದಾಣವನ್ನು ಮುಚ್ಚಬಾರದೆಂದು, ಮುಚ್ಚಿರೆಂದು ಬರೆದ ತಜ್ಞನೇ ಹೇಳುತ್ತಿರುವಾಗ ಸಮಿತಿ ಏನು ಮಾಡಬೇಕು? ಪ್ರಶ್ನೆ ಕೇಳಿದರೆ ವರದಿ ಓದಿಲ್ಲವೆಂದು ಗೊತ್ತಾಗಿಬಿಡುವ ಅಪಾಯ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ರಸ್ ಧೈರ್ಯ ಮಾಡಿದ.

"ವರದಿಯ ಸಾರಾಂಶವೂ ಇದೇ ಅಲ್ವೇ. ಅದ್ರಲ್ಲೂ ಆ ಅರವತ್ತಮೂರನೇ ಪುಟ... ಓದಿ ನಂಗೆ ಆವತ್ತು ನಿದ್ದೇನೇ ಬರ್ಲಿಲ್ಲ."

"ಅರವತ್ತಮೂರು!" ಎಂದು ಉಳಿದ ನಾಲ್ವರೂ ನಿಟ್ಟುಸಿರುಬಿಟ್ಟರು.

"ನಿಮ್ಮ ಅಧ್ಯಯನದ ವಿಧಾನ ಯಾವುದು ಅಂತ ದಾಖಲೆಗೆ ಹೇಳ್ತೀರಾ?" ಎಂದರು ಅಧ್ಯಕ್ಷೆ.

"ಥ್ಯಾಂಕ್ಸ್ ಎಣಿಸೋದು ಕಣಮ್ಮ."

ಐವರೂ ಪೆನ್ನು ಕೈಗೆತ್ತಿಕೊಂಡರು.

"ಕೃತಜ್ಞತಾ ಸೂಚ್ಯಂಕ," ಎಂದ ಕಿಟಕಿಯ ಪಕ್ಕದ ಮೌನಿ. ಅದು ಆ ವರ್ಷ ಅವನಾಡಿದ ಮೊದಲ ಮಾತು. "ಯೂರೋಪಿನಲ್ಲಿ ಈಗೆಲ್ಲ ಇದೇ."

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ನಡೆದದ್ದನ್ನು ಎಲ್ವಿನ್ ಆಮೇಲೆ ಅಕ್ಕನ ಬಾಯಿಂದ ಹಲವು ಸಲ ಕೇಳಿದ. ಸಮಿತಿಯ ಸಭೆ ಊರಿನ ಟೀವಿಯಲ್ಲಿ ನೇರವಾಗಿ ಬರುತ್ತಿತ್ತು. ಡಯಾಲಿಸಿಸ್ ಕೋಣೆಯಲ್ಲಿ ಬೇರೆ ನೋಡಲು ಏನೂ ಇರಲಿಲ್ಲ. ಪರದೆಯಲ್ಲಿ ಎಲ್ವಿನ್ ಡೋನಟ್ ತಿನ್ನುತ್ತಿದ್ದ. ಕೆಳಗೆ "ಡಾ. ಎಲ್. ಕ್ವಿಂಬಿ, ನೀತಿ ತಜ್ಞರು" ಎಂದು ಬರೆದಿತ್ತು. ವಿಲ್ಮಾ ಎದ್ದು ಕೂರಲು ಹೋದಳು.

"ಅಲುಗ್ಬೇಡೀಮ್ಮ, ಸೂಜಿ ಇದೆ," ಎಂದು ನರ್ಸ್ ಓಡಿಬಂದಳು.

"ಸೂಜಿ ಹಾಳಾಗ್ಲಿ! ಅಲ್ನೋಡು, ನನ್ನ ಗಂಡನ ಕೋಟು ಡಾಕ್ಟರ್ ಆಗ್ಬಿಟ್ಟಿದೆ!"

ಒಂಬತ್ತು ಮೂವತ್ತೊಂದಕ್ಕೆ ಪುರಭವನದ ಬಾಗಿಲು ತೆರೆದುಕೊಂಡಿತು. ಸುಮಾರು ಮೂವತ್ತೈದರ ಹೆಂಗಸೊಬ್ಬಳು ಒಳಬಂದಳು. ತಲೆಯ ಮೇಲೆ ಹಿಮ, ಮೊಣಕಾಲಿನವರೆಗೆ ಕೆಸರು, ಮೈಮೇಲೆ ರಸ್ತೆ ಕೆಲಸದವರ ಕಿತ್ತಳೆ ಬಣ್ಣದ ದೊಗಳೆ ಜಾಕೀಟು. ಚರಂಡಿಗಿಳಿದ ಬಿಳಿಯ ಕಾರಿನಿಂದ ಅವಳನ್ನು ಮೇಲೆತ್ತಿದವನು ಹಿಮ ಗುಡಿಸುವ ಲಾರಿಯ ಚಾಲಕ; ನಡುಗುತ್ತಿದ್ದವಳಿಗೆ ತನ್ನ ಜಾಕೀಟನ್ನೇ ಹೊದಿಸಿ, ಪುರಭವನದ ಮುಂದೆ ಇಳಿಸಿ ಹೋಗಿದ್ದ.

ಬಾಗಿಲಲ್ಲೇ ನಿಂತು ಎಲ್ವಿನ್‌ನ ಮಾತು ಕೇಳಿಸಿಕೊಂಡ ಅವಳು ನೇರವಾಗಿ ಅವನ ಮೇಜಿನತ್ತ ನಡೆದಳು. ಐರಿಸ್ ಅಡ್ಡ ಬಂದಳು.

"ಸಾರ್ವಜನಿಕರು ಆ ಕಡೆ ನಿಂತ್ಕೋಬೇಕು."

"ಆ ಕುರ್ಚಿ ನಂದು ಕಣ್ರೀ."

"ಇಲ್ಲಿರೋ ಕುರ್ಚಿಗಳೆಲ್ಲ ತೆರಿಗೆ ಕೊಡೋರದ್ದೇ. ಆದ್ರೂ ನಿಂತ್ಕೊಂಡೇ ಮಾತಾಡ್ಬೇಕು. ಹೋಗಿ."

ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಹಸಿರು ದೀಪ ಹತ್ತಿತು.

"ಯಾವ ಬೀದಿ?" ಎಂದರು ಅಧ್ಯಕ್ಷೆ. ಆ ಊರಿನಲ್ಲಿ ಮೊದಲು ಕೇಳುವುದು ಬೀದಿ, ಹೆಸರು ಆಮೇಲೆ.

"ನಾನು ಈ ಊರಿನವಳಲ್ಲ."

"ಹಾಗಾದ್ರೆ ಒಂದೇ ನಿಮಿಷ."

"ಒಂದು ನಿಮಿಷ ಬೇಡ, ಒಂದು ಮಾತು ಸಾಕು. ಈ ಹಿರಿಯರು ಹೇಳ್ತಿರೋದು ಆ ವರದಿಯಲ್ಲಿ ಎಲ್ಲೂ ಇಲ್ಲ. ಇರೋದು ಪೂರ್ತಿ ಉಲ್ಟಾ!"

ರಸ್ ಟಿಬೆಟ್ಸ್ ಹಲ್ಲುನೋವಿನವರ ಜೊತೆ ಮಾತಾಡುವ ಧ್ವನಿಯಲ್ಲಿ ಹೇಳಿದ: "ನೋಡೀಮ್ಮ, ವರದಿಯನ್ನ ನಾವೆಲ್ಲ ಓದಿದೀವಿ. ಮಾತಾಡೋಕೆ ಮುಂಚೆ ನೀವೂ ಒಂದ್ಸಲ ಓದಿದ್ರೆ ಒಳ್ಳೇದು."

"ಓದೋದೇ? ಅದನ್ನ ಬರೆದಿದ್ದು ನಾನು! ಲೆಸ್ಲಿ ಕ್ವಿಂಬಿ!"

ಕೆಂಪು ದೀಪ ಹತ್ತಿತು. ಯಾರೂ ಅದರತ್ತ ನೋಡಲಿಲ್ಲ.

ಅಧ್ಯಕ್ಷೆ ಎಲ್ವಿನ್‌ನತ್ತ ತಿರುಗಿ, "ನಿಮ್ಮ ಸಂಬಂಧಿಕರಾ ಡಾಕ್ಟ್ರೇ?" ಎಂದರು. ದನಿಯಲ್ಲಿ ಇನ್ನೂ ಒಂದು ಎಳೆ ಆಸೆಯಿತ್ತು.

ಎಲ್ವಿನ್ ಬಗ್ಗಿ ಮೇಜಿನ ಮೇಲಿನ ಕಾರ್ಡನ್ನು ತಿರುಗಿಸಿದ. ಭಾವನ ಕನ್ನಡಕವನ್ನು ತೆಗೆದ. ಓದಿದ. ಕಾಫಿ, ಡೋನಟ್, ಬೆಳಗದ ಕೆಂಪು ದೀಪ, ಎಲ್ಲವೂ ಅವನ ಮುಂದೆ ಸಾಲಾಗಿ ನಿಂತವು. ಸುಮ್ಮನಿದ್ದರೆ ನಿಲ್ದಾಣ ಉಳಿದೀತು, ಬಾಯಿಬಿಟ್ಟರೆ ಚೀಸ್ ಕಾರ್ಖಾನೆ. ಆದರೆ ಇನ್ನೊಬ್ಬರ ಸೀಟಿನಲ್ಲಿ ಕೂತವರನ್ನು ಇಪ್ಪತ್ತೆರಡು ವರ್ಷ ಎಬ್ಬಿಸಿದವನು ಅವನು.

"ನಾನು ಎಲ್ವಿನ್ ಪ್ರಾಟ್. ನಾಲ್ಕನೇ ನಂಬರ್ ಬಸ್ಸಿನ ಡ್ರೈವರ್ ಆಗಿದ್ದೆ," ಎಂದು ಎದ್ದು ನಿಂತ. "ತಪ್ಪಾಯ್ತಮ್ಮ. ಬನ್ನಿ, ಕೂತ್ಕೊಳ್ಳಿ, ಚಳಿಯಲ್ಲಿ ಬಂದಿದೀರಿ. ಕಾಫಿ ಇನ್ನೂ ಬಿಸಿ ಇದೆ. ಡೋನಟ್ ಮಾತ್ರ ತಿಂದುಬಿಟ್ಟೆ, ಕ್ಷಮಿಸಿ. ತುಂಬ ಚೆನ್ನಾಗಿತ್ತು."

ಸಮಿತಿಯ ಮುಖಗಳು ಪುರಭವನದ ಬಿಳಿ ಗೋಡೆಯ ಬಣ್ಣಕ್ಕೆ ತಿರುಗಿದವು. ಈ ಮನುಷ್ಯ ತಜ್ಞನಲ್ಲವೆಂದರೆ, ಅರವತ್ತಮೂರನೆಯ ಪುಟದಲ್ಲಿ ತಾವು ಕಂಡದ್ದೇನು? ಮತ್ತು ಅದೆಲ್ಲ ಟೀವಿಯಲ್ಲಿ ಹೋಗಿದೆ. ಅಧ್ಯಕ್ಷೆ ಸುತ್ತಿಗೆಯನ್ನು ಮೂರು ಸಲ ಕುಟ್ಟಿ ಹದಿನೈದು ನಿಮಿಷದ ವಿರಾಮ ಘೋಷಿಸಿದರು. ಐವರೂ ಒಳಗಿನ ಕೋಣೆಗೆ ಹೋಗಿ, ಸಿಕ್ಕಿದ ಒಂದೇ ಪ್ರತಿಯ ಮೇಲೆ ಮುಗಿಬಿದ್ದರು.

ಪಡಸಾಲೆಯಲ್ಲಿ ಲೆಸ್ಲಿ ಕ್ವಿಂಬಿ ಎಲ್ವಿನ್‌ನ ಎದುರು ನಿಂತಳು. ಬೈಯಲೆಂದೇ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಬೂಟಿನ ಪೆಟ್ಟಿಗೆಯ ಮುಚ್ಚಳ ಜಾರಿತು. ಗೀರುಗಳು ಕಂಡವು.

"ಏನಿದು?"

ಎಲ್ವಿನ್ ಪಿಯಾನೋ ವಾದಕರಿಂದ ಆರಂಭಿಸಿ ಹೇಳಿದ. ಅವಳು ಒಂದು ಪುಸ್ತಕ ತೆಗೆದಳು, ಇನ್ನೊಂದು ತೆಗೆದಳು. ಕಿತ್ತಳೆ ಜಾಕೀಟಿನಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಇಪ್ಪತ್ತಮೂರನೇ ನಿಲ್ದಾಣದಲ್ಲಿ ದಿನಕ್ಕೆ ಹನ್ನೊಂದು ಜನ ಅಂತಿದೆ. ನನ್ನ ಕೋಷ್ಟಕದಲ್ಲಿ ಸೊನ್ನೆ. ಮೂರು ವರ್ಷದ ಅಂಕಿಅಂಶ ಅದು. ಬಾಗಿಲ ಹತ್ರ ಕಾರ್ಡ್ ತಟ್ಟೋ ಯಂತ್ರ ಇದೆಯಲ್ಲ, ಅದರಿಂದ ತಗೊಂಡಿದ್ದು. ಹೇಗೆ ಸಾಧ್ಯ?"

"ಅಲ್ಲಿರೋರೆಲ್ಲ ಮುದುಕ್ರು ಕಣಮ್ಮ. ಅರವತ್ತೈದು ದಾಟಿದೋರಿಗೆ ಟಿಕೆಟ್ ಇಲ್ಲ, ಕಾರ್ಡೂ ಇಲ್ಲ. ನಾನು ಸುಮ್ನೆ ಕೈ ಬೀಸಿ 'ಹತ್ತಿ, ಹತ್ತಿ' ಅಂತಿದ್ದೆ. ಯಂತ್ರಕ್ಕೆ ಹೇಗೆ ಗೊತ್ತಾಗ್ಬೇಕು?"

ಲೆಸ್ಲಿ ಪುಸ್ತಕವನ್ನು ಮುಚ್ಚಿದಳು. ಆಮೇಲೆ, "ಇದನ್ನ ಕೇಳೋದಕ್ಕೆ ಒಬ್ಬ ಡ್ರೈವರ್‌ಗೆ ನಾನು ಒಂದು ಫೋನ್ ಮಾಡಿದ್ರೆ ಸಾಕಾಗಿತ್ತು," ಎಂದಳು.

"ಮಾಡಿದ್ರೂ ನಾನು ಎತ್ತಿರ್ತಿರ್ಲಿಲ್ಲ ಬಿಡಿ. ಫೋನ್ ಎಲ್ಲಿಟ್ಟಿದೀನೋ ನಂಗೇ ಗೊತ್ತಿರಲ್ಲ."

ಸಭೆ ಮತ್ತೆ ಕೂಡಿತು. ಲೆಸ್ಲಿ ತನ್ನ ಕುರ್ಚಿಯಲ್ಲಿ ಕುಳಿತಳು. ಎಲ್ವಿನ್‌ಗಾಗಿ ಪಕ್ಕದಲ್ಲಿ ಇನ್ನೊಂದನ್ನು ಹಾಕಿಸಿದಳು. ನಿಲ್ದಾಣ ಮುಚ್ಚುವ ಶಿಫಾರಸನ್ನು ತಾನು ಹಿಂತೆಗೆದುಕೊಳ್ಳುತ್ತಿರುವುದಾಗಿ ಹೇಳಿದಳು. "ನನ್ನ ಎಣಿಕೆಯಲ್ಲಿ ತಪ್ಪಿದೆ. ತಪ್ಪು ಇರೋದು ಒಂಬತ್ತನೇ ಕೋಷ್ಟಕದಲ್ಲಿ." ಪುಟ ತಿರುವಿದಳು. "ಅರವತ್ತಮೂರನೇ ಪುಟ."

ರಸ್ ಟಿಬೆಟ್ಸ್ ಕುರ್ಚಿಯಿಂದ ಅರ್ಧ ಮೇಲೆದ್ದ. ಆ ಸಂಖ್ಯೆಯನ್ನು ಅವನು ತೆಗೆದದ್ದು ತನ್ನ ಮನೆಯ ನಂಬರಿನಿಂದ.

"ನಾನು ಹೇಳ್ಲಿಲ್ವಾ!" ಎಂದು ಕೂಗಿದ. "ಓದಿ ನಿದ್ದೆ ಬರ್ಲಿಲ್ಲ ಅಂತ ಹೇಳ್ಲಿಲ್ವಾ!"

"ಸಮಿತಿ ಅಷ್ಟು ಸೂಕ್ಷ್ಮವಾಗಿ ಓದಿದ್ರಿಂದಲೇ ತಪ್ಪು ಸಿಕ್ಕಿತು ಅಂತ ದಾಖಲೆಯಲ್ಲಿ ಬರೀರಿ ಐರಿಸ್," ಎಂದರು ಅಧ್ಯಕ್ಷೆ. ಆಮೇಲೆ ಅವರು ಲೆಸ್ಲಿಗೆ ಧನ್ಯವಾದ ಹೇಳಿದರು, ಲೆಸ್ಲಿ ಎಲ್ವಿನ್‌ಗೆ ಹೇಳಿದಳು, ಎಲ್ವಿನ್ ಐವರಿಗೂ ಒಬ್ಬೊಬ್ಬರಿಗಾಗಿ ಹೇಳಿ, ಡೋನಟ್ಟಿಗಾಗಿ ಐರಿಸ್‌ಗೆ ಎರಡು ಸಲ ಹೇಳಿದ. ನಿಲ್ದಾಣ ಉಳಿಸುವ ನಿರ್ಣಯ ಐದಕ್ಕೆ ಸೊನ್ನೆ ಮತಗಳಿಂದ ಅಂಗೀಕಾರವಾಯಿತು. ಪರಿಷ್ಕೃತ ವರದಿ ಬಂದೊಡನೆ ಕಾಯಂ.

ಲೆಸ್ಲಿಯ ಕಾರು ಇನ್ನೂ ಚರಂಡಿಯಲ್ಲಿತ್ತು. ಅದು ಬಿದ್ದದ್ದು ಇಪ್ಪತ್ತಮೂರನೆಯ ನಿಲ್ದಾಣದಿಂದ ಮೂವತ್ತು ಹೆಜ್ಜೆ ದೂರದಲ್ಲಿ. ಹಾಗಾಗಿ ಮಧ್ಯಾಹ್ನದ ಬಸ್ಸಿಗೆ ಅವಳೂ ಎಲ್ವಿನ್ ಜೊತೆ ಹತ್ತಿದಳು. ಆಸ್ಪತ್ರೆಯ ಮುಂದೆ ವಿಲ್ಮಾ ಹತ್ತಿದಳು, ತಮ್ಮನನ್ನು ನೋಡಿ, "ಏನ್ ಡಾಕ್ಟ್ರೇ, ಕೋಟಿಗೆ ಸಕ್ಕರೆ ಅಂಟಿಸ್ಕೊಂಡಿದೀರಾ?" ಎಂದಳು. ಲೆಸ್ಲಿಯನ್ನು ನೋಡಿ, ವಿಷಯ ತಿಳಿದು, ಅವಳ ತಣ್ಣನೆಯ ಕೈಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ನಂಗೆ ವಾರಕ್ಕೆ ಮೂರು ದಿನ ವಾಪಸ್ ಕೊಟ್ಟೆ ಮಗಳೇ. ಮನೆಗೆ ಬಾ, ಹುರುಳಿಕಾಯಿ ಸೂಪ್ ಇದೆ. ಚೀಸೂ ಇದೆ, ಬೇಕಾದಷ್ಟು."

ಕೊನೆಯ ನಿಲ್ದಾಣದಲ್ಲಿ ಬಾಗಿಲು ತೆರೆಯಿತು. ದಿನಸಿ ಚೀಲ ಹಿಡಿದ ಇಬ್ಬರು ಅಜ್ಜಿಯರು ಇಳಿದರು. ವಿಲ್ಮಾ ಇಳಿದಳು. ಲೆಸ್ಲಿ ಇಳಿದಳು. ಎಲ್ವಿನ್ ಇಳಿದು, ಹಿಮದಲ್ಲಿ ನಿಂತು, ಪುಸ್ತಕ ತೆಗೆದು ಗೀರು ಹಾಕಿದ.

"ನಾಲ್ಕು," ಎಂದ.

"ಐದು," ಎಂದಳು ಲೆಸ್ಲಿ. "ನಿಮ್ಮದನ್ನ ನೀವು ಎಣಿಸ್ಲಿಲ್ಲ. ನಂಗೆ ಕೇಳಿಸ್ತು."

ಎಲ್ವಿನ್ ಕಣ್ಣರಳಿಸಿದ. ನಲವತ್ತನಾಲ್ಕು ಪುಸ್ತಕಗಳಲ್ಲಿ ತನ್ನ ಹೆಸರಿನ ಗೀರನ್ನು ಅವನೆಂದೂ ಹಾಕಿರಲಿಲ್ಲ. ಪೆನ್ಸಿಲನ್ನು ಅವಳಿಗೇ ಕೊಟ್ಟ. ಐದನೆಯ ಗೀರನ್ನು ಲೆಸ್ಲಿ ಹಾಕಿದಳು.

ಪರಿಷ್ಕೃತ ವರದಿ ಏಪ್ರಿಲ್ ಮೂರರಂದು ಬಂತು. ಸಮಿತಿಯ ಐವರೂ ಅದನ್ನು ಓದಿದ್ದಾರೆ, ಒಂದು ಪುಟದ ಮಟ್ಟಿಗೆ. ಆ ಪುಟವನ್ನು ವಿಲ್ಮಾ ತನ್ನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದರ ಕೊನೆಯ ಸಾಲುಗಳು ಹೀಗಿವೆ:

"ನಿಲ್ದಾಣ ಇಪ್ಪತ್ತಮೂರು. ಯಂತ್ರದ ಎಣಿಕೆ: ಸೊನ್ನೆ. ಥ್ಯಾಂಕ್ಸ್ ಎಣಿಕೆ: ದಿನಕ್ಕೆ ಸರಾಸರಿ ಹನ್ನೊಂದು. ಲೇಖಕಿ ಖುದ್ದಾಗಿ ಪರಿಶೀಲಿಸಿದ ಒಂದು ಬಸ್ಸಿನಲ್ಲಿ: ಐದು, ಅವುಗಳಲ್ಲಿ ಒಂದು ಲೇಖಕಿಯದು. ನಿರ್ಣಯ: ನಿಲ್ದಾಣವನ್ನು ಉಳಿಸಿಕೊಳ್ಳತಕ್ಕದ್ದು."